ನಿಕ್ ಡ್ರೇಕ್ ಜೊತೆ ಕೂತವರು ಯಾರು?

ಉಡುಪಿಯ ಅಜ್ಜರಕಾಡಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಇಂಡೀ ಫೋಕ್ ಹಾಡುವವರೆಲ್ಲ ನಿಕ್ ಡ್ರೇಕ್ ಹೆಸರು ಹೇಳುತ್ತಾರೆ. ಒಬ್ಬನೇ ಕೂತು ಗಿಟಾರ್ ನುಡಿಸಿ ಹಾಡಿದವ ಅಂದುಕೊಂಡಿದ್ದೆ. ಆಲ್ಬಂಗಳ ವಿವರ ನೋಡಿದರೆ ಹತ್ತಾರು ಹೆಸರುಗಳಿವೆ. ಇವರೆಲ್ಲ ಮಾಡಿದ್ದೇನು? ಇನ್ನೊಂದು ಮಾತು. 'ಪಿಂಕ್ ಮೂನ್' ನುಡಿಸಲೆಂದು ಶ್ರುತಿ ಇಳಿಸಿದರೆ ಆರನೇ ತಂತಿ ಜರ್ರ್ ಎನ್ನುತ್ತದೆ. ಸರಿಮಾಡುವುದು ಹೇಗೆ?"

ಪ್ರಿಯ ಓದುಗರೇ,

ಇಂಗ್ಲೆಂಡಿನ ಹಾಡುಗಾರ ಡ್ರೇಕ್ (1948–1974) ನಿಜವಾಗಿ ಒಬ್ಬನೇ ಕೂತು ಮಾಡಿದ್ದು ಕೊನೆಯ ಆಲ್ಬಂ 'ಪಿಂಕ್ ಮೂನ್' ಮಾತ್ರ. 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ಧ್ವನಿಮುದ್ರಣ ಮುಗಿಯಿತು. ಎದುರಿಗಿದ್ದವರು ಮುದ್ರಣಕಾರ ಜಾನ್ ವುಡ್. ಹನ್ನೊಂದು ಹಾಡು, ಅರ್ಧ ಗಂಟೆಯೂ ಇಲ್ಲ. ಗಿಟಾರ್, ಕಂಠ ಬಿಟ್ಟರೆ ಶೀರ್ಷಿಕೆ ಹಾಡಿನಲ್ಲಿ ಆಮೇಲೆ ಸೇರಿಸಿದ ಒಂದಿಷ್ಟು ಪಿಯಾನೋ, ಅದೂ ಅವನದೇ. ಮೊದಲಿನ ಎರಡು ಆಲ್ಬಂಗಳಲ್ಲಿ ಮಾತ್ರ ಹಿಮ್ಮೇಳ ದೊಡ್ಡದು. ಆದರೂ ಕೇಳುವವರಿಗೆ ಅವನು ಒಬ್ಬನೇ ಇದ್ದಾನೆ ಅನ್ನಿಸುತ್ತದೆ. ಹಾಗೆ ಅನ್ನಿಸುವಂತೆ ನುಡಿಸಿದವರು ಆ ಹತ್ತಾರು ಮಂದಿಯೇ. ಯಕ್ಷಗಾನ ನೋಡಿದ ನಿಮಗೆ ಇದು ಹೊಸತಲ್ಲ. ಕರುಣ ರಸದ ಪದ್ಯಕ್ಕೆ ಚೆಂಡೆ ಸುಮ್ಮನಾಗಿ ಮದ್ದಳೆಯಷ್ಟೇ ಉಳಿದಾಗ ಭಾಗವತರ ದನಿ ಎಷ್ಟು ಹತ್ತಿರ ಬರುತ್ತದೆ ನೋಡಿ.

ಪ್ರಭಾವದ ಮಾತು ಮೊದಲು ಮುಗಿಸುತ್ತೇನೆ. ಮನೆಯಲ್ಲಿ ತಾಯಿ ಮಾಲಿ ಡ್ರೇಕ್ ಪಿಯಾನೋ ನುಡಿಸುತ್ತ ತನ್ನದೇ ಹಾಡು ಹಾಡುತ್ತಿದ್ದರು. ಮನೆಯಲ್ಲೇ ಮುದ್ರಿಸಿಕೊಂಡಿದ್ದ ಆ ಹಾಡುಗಳು ಈಗ ಕೇಳಸಿಗುತ್ತವೆ, ಖಂಡಿತ ಕೇಳಿ. ಮಗನ ಹಾಡುಗಳ ಸ್ವರಮೇಳದ ತಿರುವುಗಳು ಎಲ್ಲಿಂದ ಬಂದವೆಂದು ಎರಡನೇ ಹಾಡಿಗೇ ಗೊತ್ತಾಗುತ್ತದೆ. ಹೊರಗೆ ಬರ್ಟ್ ಜಾನ್ಶ್, ಜಾನ್ ರೆನ್‌ಬೋರ್ನ್, ಡೇವಿ ಗ್ರಹಾಂ ಎಂಬ ಬ್ರಿಟನ್ನಿನ ಗಿಟಾರ್ ವಾದಕರಿದ್ದರು. ಆರು ತಂತಿಗಳನ್ನು ಕ್ರಮವಾಗಿ ಡಿ-ಎ-ಡಿ-ಜಿ-ಎ-ಡಿ ಸ್ವರಗಳಿಗೆ ಕೂರಿಸುವ ಶ್ರುತಿಯನ್ನು ಅಲ್ಲಿ ಬಳಕೆಗೆ ತಂದವರು ಗ್ರಹಾಂ. ಅಮೆರಿಕದ ಜಾಕ್ಸನ್ ಸಿ. ಫ್ರಾಂಕ್ 1965ರಲ್ಲಿ ಲಂಡನ್ನಿನಲ್ಲಿ ಒಂದು ಆಲ್ಬಂ ಮಾಡಿದರು. ಅದರ ಹಾಡುಗಳನ್ನು ಡ್ರೇಕ್ ಮನೆಯಲ್ಲಿ ಹಾಡಿಟ್ಟ ಮುದ್ರಿಕೆಗಳಿವೆ.

ಇನ್ನು ಜೊತೆಗೂಡಿದವರು. 1969ರ 'ಫೈವ್ ಲೀವ್ಸ್ ಲೆಫ್ಟ್'ಗೆ ನಿರ್ಮಾಪಕ ಜೋ ಬಾಯ್ಡ್ ಮೊದಲು ಅನುಭವಿ ವಾದ್ಯಸಂಯೋಜಕರೊಬ್ಬರನ್ನು ಕರೆಸಿದರು. ಡ್ರೇಕ್‌ಗೆ ಅದು ಹಿಡಿಸಲಿಲ್ಲ. ಕೇಂಬ್ರಿಜ್‌ನ ಗೆಳೆಯ, ಇನ್ನೂ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಕರ್ಬಿಯ ಹೆಸರು ಹೇಳಿದ. ಕರ್ಬಿಯ ಕೆಲಸ ತಿಳಿಯಲು 'ವೇ ಟು ಬ್ಲೂ' ಒಂದೇ ಸಾಕು: ಗಿಟಾರೇ ಇಲ್ಲ, ಬಿಲ್ಲಿನ ವಾದ್ಯಗಳು ಮತ್ತು ಕಂಠ ಮಾತ್ರ. ಗಿಟಾರ್ ವಾದಕನೊಬ್ಬ ತನ್ನ ಹಾಡಿನಿಂದ ಗಿಟಾರನ್ನೇ ತೆಗೆಯಲು ಒಪ್ಪಿದ ಎಂದರೆ ಆ ನಂಬಿಕೆ ಸಣ್ಣದಲ್ಲ. 'ರಿವರ್ ಮ್ಯಾನ್' ಮಾತ್ರ ಕರ್ಬಿಯಿಂದ ಆಗಲಿಲ್ಲ, ಅದರ ವಾದ್ಯಸಂಯೋಜನೆಯನ್ನು ಹ್ಯಾರಿ ರಾಬಿನ್ಸನ್ ಬರೆದುಕೊಟ್ಟರು. ಆ ಹಾಡು ಐದು ಎಣಿಕೆಯದು. ಖಂಡಛಾಪು ಬಲ್ಲವರಿಗೆ ಹೊಸತೆನಿಸದು, ಆದರೆ ಒಳಗಿನ ವಿಭಾಗ 'ತಕ ತಕಿಟ'ವೇ ಎಂದುಕೊಂಡು ಹೊರಡಬೇಡಿ. ಹೆಬ್ಬೆರಳಿನ ನಡೆಯನ್ನು ಕೇಳಿ ಕಲಿಯಿರಿ.

ನನ್ನ ಮಟ್ಟಿಗೆ ಈ ಆಲ್ಬಮ್ಮಿನ ಜೀವ ಡ್ಯಾನಿ ಥಾಂಪ್ಸನ್ ಅವರ ಡಬಲ್ ಬೇಸ್. ಜಾನ್ಶ್, ರೆನ್‌ಬೋರ್ನ್ ಇದ್ದ ಪೆಂಟ್ಯಾಂಗಲ್ ತಂಡದವರು ಅವರು. ಹಾಗಾಗಿ ಗಿಟಾರಿನ ಹೆಬ್ಬೆರಳು ಎಲ್ಲಿ ಓಡಾಡುತ್ತದೆಂದು ಅವರಿಗೆ ಮೊದಲೇ ಗೊತ್ತು. ಅಲ್ಲಿಗೆ ಹೋಗಿ ಅದೇ ಸ್ವರವನ್ನು ಮತ್ತೆ ನುಡಿಸುವುದಿಲ್ಲ. ಹೆಬ್ಬೆರಳು ಬಿಟ್ಟ ಜಾಗದಲ್ಲಿ ನುಡಿಸುತ್ತಾರೆ. 'ತ್ರೀ ಅವರ್ಸ್'ನಲ್ಲಿ ಘಾನಾದ ರಾಕಿ ಜಿಜೋರ್ನು ಅವರ ಕಾಂಗಾ ಜೊತೆ ಇದನ್ನು ಗಮನಿಸಿ. 1971ರ 'ಬ್ರೈಟರ್ ಲೇಟರ್'ನಲ್ಲಿ ಡ್ರಮ್ಸ್ ಡೇವ್ ಮಟಾಕ್ಸ್, ಬೇಸ್ ಡೇವ್ ಪೆಗ್, ಇಬ್ಬರೂ ಫೇರ್‌ಪೋರ್ಟ್ ಕನ್ವೆನ್ಶನ್ ತಂಡದವರು. 'ನಾರ್ದರ್ನ್ ಸ್ಕೈ'ಯ ಸೆಲೆಸ್ಟಾ (ಗಂಟೆಯ ನಾದದ ಕೀಲಿಮಣೆ ವಾದ್ಯ), ಪಿಯಾನೋ, ಆರ್ಗನ್ ಮೂರೂ ಜಾನ್ ಕೇಲ್ ಅವರದು. ಆ ಹಾಡಿನ ಬೆಳಕೆಲ್ಲ ಕೇಲ್ ಕೈಯಿಂದ ಬಂದದ್ದು. ಉಳಿದ ಕೆಲವು ಹಾಡುಗಳಲ್ಲಿ ವಾದ್ಯ ಸ್ವಲ್ಪ ಹೆಚ್ಚಾಯಿತು, ದನಿ ಹಿಂದೆ ಸರಿಯಿತು ಎಂದೇ ನನ್ನ ಅಭಿಪ್ರಾಯ.

ಈಗ ನಿಮ್ಮ ತಂತಿ. 'ಪಿಂಕ್ ಮೂನ್' ಶ್ರುತಿ ದಪ್ಪ ತಂತಿಯಿಂದ ಸಿ-ಜಿ-ಸಿ-ಎಫ್-ಸಿ-ಇ, ಎರಡನೇ ಮನೆಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್). ಆರನೆಯದು ನಾಲ್ಕು ಅರೆಸ್ವರ ಇಳಿಯಬೇಕು. ಐದು, ನಾಲ್ಕು, ಮೂರನೆಯವು ಎರಡೆರಡು ಇಳಿಯಬೇಕು. ಎರಡನೆಯದು ಅರೆಸ್ವರ ಏರಬೇಕು. ಒಂದನೆಯದನ್ನು ಮುಟ್ಟಬೇಡಿ. ಆರನೇ ತಂತಿಯ ಬಿಗಿ ಇದರಿಂದ ಸುಮಾರು ಶೇ. 37 ಕಡಿಮೆಯಾಗುತ್ತದೆ. ಸಡಿಲ ತಂತಿ ಅಗಲವಾಗಿ ಕಂಪಿಸುತ್ತದೆ. ಒಟ್ಟು ಬಿಗಿ ತಗ್ಗಿದ್ದರಿಂದ ಗಿಟಾರಿನ ಕುತ್ತಿಗೆಯೂ ತುಸು ನೆಟ್ಟಗಾಗಿ ತಂತಿ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ) ಹತ್ತಿರವಾಗುತ್ತದೆ. ಜರ್ರ್ ಎನ್ನುವುದು ಇದಕ್ಕೇ. ಸಾಮಾನ್ಯ 12–53 ಸೆಟ್ (ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿದ್ದರೆ ಆರನೆಯದನ್ನು ಮಾತ್ರ 56ಕ್ಕೆ ಬದಲಿಸಿ ನೋಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಉಳಿದರ್ಧ ಬಲಗೈಯದು: ಹೆಬ್ಬೆರಳನ್ನು ಸೇತುವೆಯ ಕಡೆಗೆ ಸ್ವಲ್ಪ ಸರಿಸಿ, ಮೆತ್ತಗೆ ಮೀಟಿ.

ಶ್ರುತಿ ಮಾಡುವಾಗ ಪ್ರತಿ ತಂತಿಯನ್ನೂ ಬೇಕಾದ್ದಕ್ಕಿಂತ ಕೆಳಗಿಳಿಸಿ, ಆಮೇಲೆ ಏರಿಸಿಯೇ ನಿಲ್ಲಿಸಿ. ಮೇಲಿನಿಂದ ಇಳಿಸಿ ಬಿಟ್ಟರೆ ಕೀಲಿಯ ಸಡಿಲು ಉಳಿದು ಎರಡು ನಿಮಿಷದಲ್ಲಿ ಮತ್ತೆ ಜಾರುತ್ತದೆ. ಒಂದನ್ನು ಇಳಿಸಿದರೆ ಉಳಿದವು ಏರುತ್ತವೆ, ಆದ್ದರಿಂದ ಎರಡು ಸುತ್ತು ಬೇಕು. ಎರಡನೇ ತಂತಿ ಏರಿಸುವಾಗ 'ಟಿಕ್' ಎಂದರೆ ಅದು ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಸೀಳಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಅಲ್ಲಿ ಪೆನ್ಸಿಲ್ ಮೊನೆ ಉಜ್ಜಿ. ಕೇಪೋವನ್ನು ಫ್ರೆಟ್ಟಿಗೆ ತಾಗುವಷ್ಟು ಹತ್ತಿರ ಹಾಕಿ, ಹಾಕಿದ ಮೇಲೆ ಶ್ರುತಿ ಇನ್ನೊಮ್ಮೆ ನೋಡಿ. ಸಡಿಲ ತಂತಿಯನ್ನು ಕೇಪೋ ಬೇಗ ಏರಿಸಿಬಿಡುತ್ತದೆ.

ಇಷ್ಟಕ್ಕೂ ನಿಲ್ಲದಿದ್ದರೆ ಮಾತ್ರ ಕುತ್ತಿಗೆಯೊಳಗಿನ ಸರಳು. ಬಲ್ಲವರ ಕೈಯಲ್ಲಿ ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ನೋಡಿ. ಆದರೆ ಆಟಿ ತಿಂಗಳಲ್ಲಿ ಇದಕ್ಕೆ ಕೈಹಾಕಬೇಡಿ. ನಮ್ಮ ಕರಾವಳಿಯ ಮಳೆಗಾಲದ ಪಸೆಗೆ ಗಿಟಾರಿನ ಎದೆಹಲಗೆ ಉಬ್ಬಿ ತಂತಿ ತಾನಾಗಿ ಮೇಲೆದ್ದಿರುತ್ತದೆ. ಆಗ ಮಾಡಿದ ಲೆಕ್ಕ ದೀಪಾವಳಿ ಕಳೆದ ಮೇಲೆ ತಪ್ಪುತ್ತದೆ.

– ಸಂಪಾದಕ