ಗೊಲ್ಲಮ್ ಫಿಲ್ಮಿಗೆ ಕಾಯ್ಬೇಕೋ ಬ್ಯಾಡೋ, ಕಾದ್ರ ಹ್ಯಾಂಗ ಕಾಯ್ಬೇಕು

ನಿಮ್ಮ ಪ್ರಶ್ನಿ ಉದ್ದ ಅದ, ಸಣ್ಣದಾಗಿ ಹೇಳ್ಬೇಕಂದ್ರ ಹಿಂಗ: ಟೋಲ್ಕೀನ್ ಅವರ ಲಾರ್ಡ್ ಆಫ್ ದ ರಿಂಗ್ಸ್ ಪೂರಾ ಓದೀರಿ, 2027ರ ಡಿಸೆಂಬರ್‌ಗೆ ಅದ್ರಾಗಿನ ಗೊಲ್ಲಮ್ ಅನ್ನೋ, ಮಾಯದ ಉಂಗುರದ ಹಿಂದ ಹುಚ್ಚಾದ ಜೀವಿ ಮ್ಯಾಲ ದ ಹಂಟ್ ಫಾರ್ ಗೊಲ್ಲಮ್ ಅಂತ ದೊಡ್ಡ ಬಜೆಟ್ಟಿನ ಹೊಸ ಫಿಲ್ಮ್ ಬರ್ತದಂತ ಕೇಳೀರಿ, ಅದಕ್ಕ ಮಂದಿ ಈಗಿಂದ್ಲೇ ಯಾಕ ಇಷ್ಟು ಹುಚ್ಚಾಗ್ಯಾರ, ಆಸೆ ಇಟ್ಕೊಂಡು ಕುಂತ್ರ ಕಡೀಕ ನಿರಾಶೆ ಆಗಂಗಿಲ್ಲೇನು, ಮತ್ತ ಒಂಬತ್ತನೇ ಕ್ಲಾಸಿನ್ಯಾಗ ಇರೋ ನಿಮ್ಮ ತಮ್ಮಗ ಮೊದ್ಲು ಬುಕ್ ಕೊಡ್ಬೇಕೋ ಫಿಲ್ಮ್ ತೋರಿಸ್ಬೇಕೋ. ನಾ ಕಲಬುರಗಿಯಾಂವ, ಇದೇ ಬುಕ್ಕಿನ ಮ್ಯಾಲ ಪೀಟರ್ ಜಾಕ್ಸನ್ ಅನ್ನೋ ಡೈರೆಕ್ಟರ್ ಮಾಡಿದ ಹಳೇ ಮೂರೂ ಫಿಲ್ಮ್ ಬರೂಕಿಂತ ಮೊದ್ಲು ಬುಕ್ ಓದಿ ಕಾದು ಕುಂತ ಪೈಕಿ, ಅದಕ್ಕ ಬರೀಲತ್ತೀನಿ.

ಆಸೆ ಇಟ್ಕೋರಿ. ಆದ್ರ ಹಳೇ ಫಿಲ್ಮಿಗೆ ಕಾದಂಗ ಇದಕ್ಕ ಕಾಯ್ಬ್ಯಾಡ್ರಿ. ಅವಾಗ ಕಾದಿದ್ದು ಬುಕ್ಕಿನ್ಯಾಗ ಓದಿದ್ದನ್ನ ಕಣ್ಣಿಂದ ನೋಡ್ಲಿಕ್ಕ, ಈಗಿಂದು ಬುಕ್ಕಿನ್ಯಾಗ ಒಂದೆರಡು ಕಡಿ ಬಾಯಿಮಾತಿಗೆ ಬಂದು ಹೋಗೋ ಕತಿ, ಉಳದದ್ದೆಲ್ಲ ಫಿಲ್ಮ್‌ನವರು ಕಟ್ಟಬೇಕು. ಎರಡಕ್ಕೂ ಒಂದೇ ತಕ್ಕಡಿ ಹಿಡದ್ರ ನಿರಾಶೆ ಗ್ಯಾರಂಟಿ.

ಹುಚ್ಚು ಯಾಕಂದ್ರ ನೋಡ್ರಿ, ನನ್ನ ಲೆಕ್ಕದಾಗ ಅದು ಗ್ರಾಫಿಕ್ಸ್ ನೋಡೋ ಹುಚ್ಚು ಅಲ್ಲೇ ಅಲ್ಲ. ಇಂಥಾ ಬುಕ್ ಓದೋರು ಸಾಮಾನ್ಯ ಒಬ್ಬೊಬ್ಬರೇ ಓದಿರ್ತಾರ, ಮನ್ಯಾಗ ಯಾರಿಗೂ ಗೊತ್ತಿರಂಗಿಲ್ಲ, ಓಣ್ಯಾಗ ಯಾರಿಗೂ ಗೊತ್ತಿರಂಗಿಲ್ಲ, ಮೋರಿಯಾ ಗವಿಯೊಳಗ ಮಂತ್ರವಾದಿ ಗ್ಯಾಂಡಾಲ್ಫ್ ಬಿದ್ದಾಗ ಎದಿ ಧಸಕ್ಕಂದದ್ದನ್ನ ಯಾರ ಮುಂದ ಹೇಳ್ಬೇಕು? ಫಿಲ್ಮ್ ಬಂತಂದ್ರ ಒಮ್ಮೆಗೇ ಊರೆಲ್ಲ ಆ ಹೆಸರು ಮಾತಾಡ್ತದ. ಜೊತಿ ಸಿಗ್ತದ, ಅಷ್ಟೇ. ನಾ ಡಿಗ್ರಿ ಓದ್ಲತ್ತಿದ್ದೆ ಅವಾಗ, ಊರಿನ ಹೆಸರು ಇನ್ನಾ ಗುಲ್ಬರ್ಗಾ. ವಾಡಿ ಮ್ಯಾಲಿಂದ ಟ್ರೇನ್ ಹಿಡದು ಹೈದ್ರಾಬಾದಿಗೆ ಹೋದಾಗ ಅಬಿಡ್ಸ್‌ನ ಫುಟ್‌ಪಾತಿನ್ಯಾಗ ರವಿವಾರ ಹಳೇ ಬುಕ್ ಹರವಿಕೊಂಡು ಕುಂತಿರ್ತಾರಲ್ಲ, ಅಲ್ಲಿ ಸಿಕ್ಕಿತ್ತು, ಮೂರೂ ಭಾಗ ಒಂದ್ರಾಗೇ ಇರೋ ದಪ್ಪಂದು, ಬೆನ್ನು ಕಿತ್ತು ಯಾರೋ ಪುಣ್ಯಾತ್ಮ ಗೋಂದು ಹಚ್ಚಿದ್ದ. ನನ್ನ ಕೂಡ ಅದನ್ನ ಓದಿದ್ದು ರೋಜಾ ಓಣಿ ಕಡೀಲಿಂದ ಬರೋ ಒಬ್ಬ ದೋಸ್ತ್, ಅವನೂ ಅರ್ಧಕ್ಕ ಬಿಟ್ಟಿದ್ದ.

ಅವನ ಮನ್ಯಾಗ ಅವನ ನಾನಾ, ಅಂದ್ರ ತಾಯಿಯ ಅಪ್ಪ, ಇದ್ರು, ತೊಂಬತ್ತರ ಹತ್ರ ವಯಸ್ಸು, ಅಮೀರ್ ಹಮ್ಜಾನ ದಾಸ್ತಾನ್, ಅಂದ್ರ ಹಳೇ ಸಾಹಸದ ಕತಿ, ಬಾಯಿಲೆ ಹೇಳ್ತಿದ್ರು. ನಾವು ಉಂಗುರದ ಸುದ್ದಿ ಹೇಳಿದ್ರ ನಕ್ಕುಬಿಟ್ರು, ಉಂಗುರ ಹಾಕ್ಕೊಂಡ್ರ ಮನುಷ್ಯಾ ಕಾಣಂಗಿಲ್ಲಾ, ಇದೇನು ದೊಡ್ಡದೋ ತಮ್ಮಾ, ನಮ್ಮ ದಾಸ್ತಾನಿನ ಅಮರ್ ಅಯ್ಯಾರ್ ಹಂತ್ಯಾಕ ಹೊದ್ದುಕೊಂಡ್ರ ಮಾಯ ಆಗೋ ಕಂಬಳಿ ಅದ, ಏನು ಹಾಕಿದ್ರೂ ತುಂಬಲಾರದ ಜಂಬೀಲ್ ಚೀಲ ಅದ ಅಂತ. ಖರೇನೇ ಅದು. ನಮ್ಮ ಬೀದರದಾಗ ಬಹಮನಿ ಸುಲ್ತಾನರ ಕಾಲಕ್ಕೇ, ಅಂದ್ರ 15ನೇ ಶತಮಾನದಾಗ, ಫಕ್ರುದ್ದೀನ್ ನಿಜಾಮಿ ಅನ್ನಾಂವ ದಖನಿ ಭಾಷೆಯೊಳಗ ಕದಮ್ ರಾವ್ ಪದಮ್ ರಾವ್ ಅನ್ನೋ ಕಾವ್ಯ ಬರದಾನ, ಅದ್ರಾಗ ಜೋಗಿ ಒಬ್ಬಾಂವ ರಾಜನ ಜೀವಾನ ಗಿಳಿಯೊಳಗ ಸೇರಸ್ತಾನ. ಫ್ಯಾಂಟಸಿ ಅಂದ್ರ ಇಂಗ್ಲಿಷ್ ಓದೋ ಹುಡುಗರ ಶೋಕಿ ಅಂತ ಯಾರರ ಅಂದ್ರ ನನಗ ಸಿಟ್ಟು ಬರ್ತದ, ಅದಕ್ಕ ಇಷ್ಟು ಬರದೆ. ಇರ್ಲಿ.

2000ನೇ ಇಸ್ವಿ ಏಪ್ರಿಲ್ 7ಕ್ಕ ಹಳೇ ಫಿಲ್ಮಿನ ಮೊದಲನೇ ಪ್ರಿವ್ಯೂ ಇಂಟರ್ನೆಟ್ಟಿಗೆ ಬಿಟ್ರು, 24 ತಾಸಿನ್ಯಾಗ 17 ಲಕ್ಷ ಸಲ ಡೌನ್‌ಲೋಡ್ ಆಯ್ತು, ಆ ಕಾಲಕ್ಕ ಅದು ದೊಡ್ಡ ಸುದ್ದಿ. ಆ 17 ಲಕ್ಷದಾಗ ನಾವಿಬ್ಬರೂ ಇಲ್ಲ. ನೆಟ್ ಸೆಂಟರ್‌ನ್ಯಾಗ ಟೆಲಿಫೋನ್ ಲೈನಿನ ಮ್ಯಾಲ ಬರೋ ನೆಟ್ಟು, ಆ ನೀಲಿ ಪಟ್ಟಿ ಇರೂವಿ ಹರದಂಗ ಹರೀತಿತ್ತು, ಹೊರಗ ಏಪ್ರಿಲ್ ಬಿಸಲು, ಒಳಗ ಕಂಪ್ಯೂಟರಿನ ಕಾವು, ಮುಕ್ಕಾಲು ಪಟ್ಟಿ ತುಂಬಿತ್ತು, ಕರೆಂಟ್ ಹೋಯ್ತು. ಸೆಂಟರಿನವ ತಾಸಿನ ರೊಕ್ಕ ಬಿಡ್ಲಿಲ್ಲ. ಆಮ್ಯಾಲ ನಾವು ಫೋಟೋ ಅಷ್ಟೇ ನೋಡೂದು, ಸುದ್ದಿ ಓದೂದು, ಹೊರಗ ಬಂದು ಮಿರ್ಚಿ ಭಜಿ ತಿನ್ಕೋತ ಜಗಳ ಆಡೂದು.

ಜಗಳ ಎಂಥವು ಅಂತೀರಿ! ಎಲ್ಫ್ ಅನ್ನೋ ಸಾವಿಲ್ಲದ ಜನರ ಹುಡುಗಿ ಆರ್ವೆನ್ ಬುಕ್ಕಿನ್ಯಾಗ ಕತ್ತಿ ಹಿಡಿಯಂಗಿಲ್ಲ, ಫಿಲ್ಮಿನ್ಯಾಗ ಹೆಲ್ಮ್ಸ್ ಡೀಪ್ ಯುದ್ಧಕ್ಕ ಬರ್ತಾಳಂತ ಅನ್ನೋ ಸುದ್ದಿ ಬಂದು ಫ್ಯಾನ್ಸ್ ಎಲ್ಲ ಕೆಂಡ ಆಗಿದ್ರು, ಖರೇನೇ ಅವರು ಹಂಗ ಶೂಟ್ ಮಾಡಿದ್ರು, ಆಮ್ಯಾಲ ತಗದು ಹಾಕಿದ್ರು. ಟಾಮ್ ಬೊಂಬಾಡಿಲ್ ಪೂರಾ ಮಾಯ. ಅದಕ್ಕ ನನಗೇನೂ ಬ್ಯಾಸರ ಆಗ್ಲಿಲ್ಲ ಬಿಡ್ರಿ, ಹಾಡು ಹೇಳ್ಕೋತ ಕುಣಿಯೋ ಆ ಮನುಷ್ಯಾ ತೆರಿ ಮ್ಯಾಲ ಬಂದಿದ್ರ ಕತಿ ಅಲ್ಲೇ ನಿಂತು ಹೋಗ್ತಿತ್ತು. ನನಗ ಇವತ್ತಿಗೂ ಹೊಟ್ಟಿ ಉರಿಯೂದು ಫರಾಮಿರ್‌ಗೆ ಮಾಡಿದ್ದಕ್ಕ. ಬುಕ್ಕಿನ್ಯಾಗ ಅಂವ ಆ ಉಂಗುರ ದಾರ್ಯಾಗ ಬಿದ್ದಿದ್ರೂ ನಾ ಎತ್ತಂಗಿಲ್ಲ ಅಂತಾನ, ಅಣ್ಣ ಬೋರೊಮಿರ್ ಉಂಗುರದ ಆಸೆಗೆ ಬಿದ್ದು ಎಲ್ಲಿ ಸೋತ್ನೋ ಅಲ್ಲಿ ತಮ್ಮ ಗೆಲ್ತಾನ, ಅದೇ ಅಲ್ಲೇನು ಅವನ ಕತಿ? ಫಿಲ್ಮಿನ್ಯಾಗ ಉಂಗುರ ಹೊತ್ತ ಹೀರೋ ಫ್ರೋಡೋನ ಹಿಡ್ಕೊಂಡು ಓಸ್ಗಿಲಿಯಾತ್ ಊರಿನ ತನಕ ಎಳಕೊಂಡು ಹೋಗ್ತಾನ, ಆಮ್ಯಾಲ ಮನಸು ಬದಲಿ ಮಾಡ್ತಾನ. ಫಿಲ್ಮಿಗೆ ಒಂದು ಅಂಜಿಕಿ ಬೇಕಿತ್ತು ಅನ್ನೂದು ತಿಳೀತದ, ಒಪ್ಪೂದು ಮಾತ್ರ ಆಗಂಗಿಲ್ಲ.

ಇಷ್ಟಾದ್ರೂ ಆ ಮೂರು ಫಿಲ್ಮ್ ನಮ್ಮ ಕೈ ಬಿಡ್ಲಿಲ್ಲ, ಕಾರಣ ಒಂದೇ, ಕತಿ ಪೂರಾ ಮುಗೀತದ ಅನ್ನೂದು ಮೊದಲೇ ಗೊತ್ತಿತ್ತು. ಪೀಟರ್ ಜಾಕ್ಸನ್ ಮೊದ್ಲು ಮಿರಾಮ್ಯಾಕ್ಸ್ ಕಂಪನಿ ಕೂಡ ಎರಡು ಫಿಲ್ಮ್ ಅಂತ ಶುರು ಮಾಡಿದ್ದ, ಅವರು ರೊಕ್ಕ ನೋಡಿ ಒಂದೇ ಫಿಲ್ಮಿನ್ಯಾಗ ಮುಗಸು ಅಂದ್ರು, ಅಂವ ನ್ಯೂ ಲೈನ್ ಕಡಿ ಹೋದ, ಅಲ್ಲಿ ಬಾಬ್ ಶೇ ಅನ್ನೋ ಮಾಲಕ ಬುಕ್ ಮೂರು ಇದ್ರ ಫಿಲ್ಮ್ ಯಾಕ ಎರಡು ಅಂದ. ಹಂಗಾಗಿ 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್ ತನಕ ನ್ಯೂಜಿಲೆಂಡಿನ್ಯಾಗ ಮೂರೂ ಕೂಡೇ ಶೂಟ್ ಮಾಡಿದ್ರು, ಖರ್ಚು ಮೂರಕ್ಕೂ ಸೇರಿ ಹತ್ರಹತ್ರ 28 ಕೋಟಿ ಡಾಲರ್. ಮೊದಲನೇದು ಬಿದ್ದಿದ್ರ ಕಂಪನಿ ಮುಳುಗ್ತಿತ್ತು, ಆದ್ರ ಫ್ಯಾನ್ಸಿಗೆ ಅದೇ ಭರೋಸಾ. 2001, 2002, 2003, ವರ್ಷಾ ಡಿಸೆಂಬರ್‌ಗೆ ಒಂದೊಂದು ಬಂತು, ಕಡೀದಕ್ಕ 11 ಆಸ್ಕರ್, ನಾಮಿನೇಟ್ ಆಗಿದ್ದೂ 11ಕ್ಕೇ.

ಇದನ್ನ ಇನ್ನೊಂದು ಬುಕ್ಕಿನ ಫಿಲ್ಮ್ ಗೋಲ್ಡನ್ ಕಂಪಾಸ್ ಕೂಡ ಹಿಡದು ನೋಡ್ರಿ. ಅದೇ ಕಂಪನಿ, 2007, ರೊಕ್ಕ ಭಾಳ ಸುರುವಿದ್ರು, ಬುಕ್ಕಿನ ಕಡೀ ಅಧ್ಯಾಯಗಳನ್ನ ಮುಂದಿನ ಫಿಲ್ಮಿಗೆ ಇರ್ಲಿ ಅಂತ ಕಟ್ ಮಾಡಿದ್ರು, ಮುಂದಿನ ಫಿಲ್ಮ್ ಬರ್ಲೇ ಇಲ್ಲ. ಆ ಬುಕ್ ಪ್ರೀತಿ ಮಾಡಿದವರು ಸೀರಿಯಲ್ ಬರೂ ತನಕ, ಅಂದ್ರ 2019ರ ತನಕ, ಹಂಗೇ ಬಾಯಿ ತಕ್ಕೊಂಡು ಕುಂತ್ರು. 2006ರ ಎರಗಾನ್‌ದೂ ಅದೇ ಹಣೆಬಾರ, ಒಂದೇ ಫಿಲ್ಮಿಗೆ ಅಂಗಡಿ ಬಂದ್. ಫಿಲ್ಮ್ ಕೆಟ್ಟದ್ದು ಆಗೂದಕ್ಕಿಂತ ನಡುದಾರ್ಯಾಗ ನಿಂತು ಹೋಗೂದು ಭಾಳ ನೋವು ಕೊಡ್ತದ. ನೀವು ಮುಂದ ಯಾವುದೇ ಬುಕ್ಕಿನ ಫಿಲ್ಮಿಗೆ ಕಾಯೂಕಿಂತ ಮೊದ್ಲು ಹೀರೋ ಯಾರು ಅನ್ನೂದು ಆಮ್ಯಾಲ ಕೇಳ್ರಿ, ಕಡೀ ಭಾಗಕ್ಕ ರೊಕ್ಕ ತಗದಿಟ್ಟಾರೋ ಇಲ್ಲೋ ಅದು ಕೇಳ್ರಿ.

ಈಗ ಗೊಲ್ಲಮ್ ಸುದ್ದಿಗೆ ಬರೋಣು. ಇದಕ್ಕ ಆ ನಿಂತು ಹೋಗೋ ಅಂಜಿಕಿ ಇಲ್ಲ, ಕತಿ ಎಲ್ಲಿಗೆ ಮುಟ್ತದ ಅಂತ ನಮಗ ಗೊತ್ತೇ ಅದ. ಬುಕ್ಕಿನ ಎರಡನೇ ಅಧ್ಯಾಯದಾಗ ಗೊಲ್ಲಮ್‌ನ ಹುಡುಕಿದ ಸುದ್ದಿ ಗ್ಯಾಂಡಾಲ್ಫ್ ಫ್ರೋಡೋಗ ಹೇಳ್ತಾನ, ಆಮ್ಯಾಲ ಎಲ್ರಾಂಡ್‌ನ ಸಭಾದಾಗ ಅವನ್ನ ಹಿಡದ ಅರಗಾರ್ನ್ ಹೇಳ್ತಾನ, ಹುಡುಕಿ ಹುಡುಕಿ ಬ್ಯಾಸತ್ತು ಹೊಳ್ಳಿ ಹೊಂಟಾಗ ಸತ್ತ ಜೌಗಿನ ದಂಡಿ ಮ್ಯಾಲ ಕೆಸರಿನ್ಯಾಗ ಹೆಜ್ಜಿ ಕಾಣಸ್ತು, ನಿಂತ ನೀರಿನ ಹೊಂಡದಾಗ ಹಣಿಕಿ ಹಾಕ್ಲತ್ತಿದ್ದ, ಮೈಯೆಲ್ಲ ಹಸರು ಲೋಳಿ, ಹಿಡದೆ, ಕಚ್ಚಿದ, ಅವನ ಬಾಯಿಲಿಂದ ಸಿಕ್ಕಿದ್ದು ಹಲ್ಲಿನ ಗುರ್ತು ಅಷ್ಟೇ ಅಂತ. ಕುತಗಿಗೆ ಹಗ್ಗ, ಬಾಯಿಗೆ ಅರಬಿ, ಹಂಗ ನಡಸ್ಕೊಂಡು ತಂದು ಮಿರ್ಕ್‌ವುಡ್‌ನ ಎಲ್ಫ್‌ಗಳ ಕೈಗೆ ಕೊಟ್ಟ, ಅಲ್ಲಿಂದ ಅಂವ ತಪ್ಪಸ್ಕೊಂಡ ಅನ್ನೂದು ಅಲ್ಲಿನ ಎಲ್ಫ್ ಲೆಗೊಲಾಸ್ ಹೇಳ್ತಾನ. 1980ರಾಗ ಬಂದ ಟೋಲ್ಕೀನ್ ಅವರ ಇನ್ನೊಂದು ಬುಕ್ ಅನ್‌ಫಿನಿಶ್ಡ್ ಟೇಲ್ಸ್‌ನ್ಯಾಗ ಇನ್ನೊಂದಿಷ್ಟು ಅದ. ಮುಗೀತು, ಸರಕು ಇಷ್ಟೇ.

ಹಿಂಗಾಗಿ ನನಗ ಅಂಜಿಕಿ ಇರೂದು ಸಣ್ಣ ಕತಿಗೆ ದೊಡ್ಡ ರೊಕ್ಕದ್ದು. ಟೋಲ್ಕೀನ್ ಅವರ ಹಾಬಿಟ್ ಒಂದೇ ಬುಕ್, ಮಕ್ಕಳಿಗಂತ ಬರದಿದ್ದು, ಮೊದ್ಲು ಎರಡು ಫಿಲ್ಮ್ ಅಂದ್ರು, 2012ರ ಜುಲೈದಾಗ ಇಲ್ಲ ಮೂರು ಅಂದ್ರು, ಜಗ್ಗಿ ಜಗ್ಗಿ ರಬ್ಬರ್ ಮಾಡಿದ್ರು, ಮೂರನೇದು ನೋಡ್ತಾ ನಾ ಮೊಬೈಲ್ ತಗದಿದ್ದೆ. ಈ ಗೊಲ್ಲಮ್ ಕತಿಗೆ ಬೇಕಾಗಿದ್ದು ಇಬ್ಬರೇ, ಹಿಡಿಯಾಂವ ಒಬ್ಬ, ಸಿಗಲಾರದಾಂವ ಒಬ್ಬ, ಜೌಗು, ಹಸಿವು. ಅದಕ್ಕ ಸೈನ್ಯ ಗಿನ್ಯ ತುರುಕಿದ್ರ ಕೆಟ್ಟಂಗೇ. ಸಮಾಧಾನ ಒಂದದ, ಡೈರೆಕ್ಷನ್ ಮಾಡ್ಲತ್ತಾಂವ ಆ್ಯಂಡಿ ಸರ್ಕಿಸ್, ಹಳೇ ಫಿಲ್ಮಿನ್ಯಾಗ ಗೊಲ್ಲಮ್ ಆದವನೇ, ಜಾಕ್ಸನ್ ಮತ್ತ ಅವನ ಕೂಡ ಬರೀತಿದ್ದ ಇಬ್ಬರೂ ಹೆಣ್ಣುಮಕ್ಕಳು ಹಿಂದ ಇದ್ದಾರ.

ಮತ್ತ ಒಂದು ಮಜಾ ಸುದ್ದಿ ನಿಮಗ ಗೊತ್ತದೋ ಇಲ್ಲೋ. ಇದೇ ಹೆಸರಿನ್ಯಾಗ, ಇದೇ ಕತಿ, 2009ರಾಗ ಇಂಗ್ಲೆಂಡಿನ ಫ್ಯಾನ್ಸ್ ಸೇರಿ ಮೂರು ಸಾವಿರ ಪೌಂಡಿನ್ಯಾಗ ಮಾಡ್ಯಾರ, ಮುಕ್ಕಾಲು ತಾಸಿಗೂ ಕಡಿಮಿ, ಯೂಟ್ಯೂಬಿನ್ಯಾಗ ಫುಕಟ್. 2024ರ ಮೇ ತಿಂಗಳದಾಗ ದೊಡ್ಡ ಕಂಪನಿ ಹೊಸ ಫಿಲ್ಮ್ ಅನೌನ್ಸ್ ಮಾಡ್ತು, ಮಾರನೇ ದಿನಕ್ಕೇ ಈ ಬಡ ಫಿಲ್ಮ್ ಕಾಪಿರೈಟ್ ಅಂತ ಯೂಟ್ಯೂಬಿನಿಂದ ಮಾಯ, ಫ್ಯಾನ್ಸ್ ಬೊಬ್ಬಿ ಹೊಡದ ಮ್ಯಾಲ ಹೊಳ್ಳಿ ಬಂತು. ಅದನ್ನ ಒಮ್ಮೆ ನೋಡ್ರಿ, ರೊಕ್ಕ ಇಲ್ದಾಗ ಈ ಕತಿ ಎಷ್ಟು ಸಣ್ಣಾಗಿ ಚಂದ ಕೂಡ್ತದ ಅನ್ನೂದು ಕಾಣಸ್ತದ, ಆಮ್ಯಾಲ ದೊಡ್ಡದು ಬಂದಾಗ ತೂಗಲಿಕ್ಕ ನಿಮ್ಮ ಕೈಯಾಗ ಒಂದು ಕಲ್ಲು ಇರ್ತದ.

ಟ್ರೇಲರ್ ನೋಡಬ್ಯಾಡ್ರಿ ಅಂದ್ರ ನೀವು ಕೇಳಂಗಿಲ್ಲ, ನಾನೂ ಕೇಳಂಗಿಲ್ಲ, ಅದಕ್ಕ ಆ ಮಾತು ಬಿಡೋಣು. ಥೇಟರ್ ಸುದ್ದಿ ಹೇಳ್ಬೇಕಂದ್ರ ನಮ್ಮ ಊರಾಗ ಇಂಥಾವು ಹಿಂದಿ ಡಬ್ಬಿಂಗ್‌ನ್ಯಾಗೇ ಜಾಸ್ತಿ ಶೋ ಸಿಗ್ತಾವ, ಇಂಗ್ಲಿಷ್ ಬಂದ್ರೂ ರಾತ್ರಿ ಒಂದು ಶೋ, ಮುಂದಿನ ಶುಕ್ರವಾರ ತನಕ ಇದ್ರ ಪುಣ್ಯಾ. ಮೊದಲನೇ ವಾರಾನೇ ಹೋಗ್ಬಿಡ್ರಿ.

ತಮ್ಮನ ಸುದ್ದಿ. ಬುಕ್ ಮೊದ್ಲು ಅಂತ ಎಲ್ಲಾರೂ ಹೇಳ್ತಾರ, ನಾ ಒಪ್ಪಂಗಿಲ್ಲ. ಮೊದಲನೇ ಭಾಗದಾಗ ಹಾಬಿಟ್ ಅನ್ನೋ ಗಿಡ್ಡ ಜನರ ವಂಶಾವಳಿ, ಬರ್ತ್‌ಡೇ ಊಟ, ತಂಬಾಕದ ಪುರಾಣ, ಒಂಬತ್ತನೇ ಕ್ಲಾಸಿನ ಹುಡುಗ ಅದೂ ಇಂಗ್ಲಿಷಿನ್ಯಾಗ ಓದ್ಕೋತ ಅಲ್ಲೇ ಮಲಗ್ತಾನ, ನನ್ನ ದೋಸ್ತ್ ಮಲಗಿದ್ದ. 2001ರ ಫಿಲ್ಮ್ ಒಂದೇ ತೋರಿಸ್ರಿ, ಎರಡನೇದು ಎಷ್ಟು ಕಾಡಿದ್ರೂ ಹಚ್ಚಬ್ಯಾಡ್ರಿ, ಕೈಯಾಗ ಎರಡನೇ ಭಾಗ, ಟೂ ಟವರ್ಸ್ ಬುಕ್ ಕೊಡ್ರಿ. ಬೋರೊಮಿರ್ ಸಾಯೂದು ಬುಕ್ಕಿನ್ಯಾಗ ಎರಡನೇ ಭಾಗದ ಶುರುವಿಗೇ ಬರ್ತದ, ಫಿಲ್ಮಿನ್ಯಾಗ ಅದನ್ನ ಮೊದಲನೇದ್ರ ಕಡೀಕ ಇಟ್ಟಾರ, ಹಂಗಾಗಿ ಮೊದಲನೇ ಪುಟಾನೇ ಅವಗ ಗೊತ್ತಿರೋ ಜಾಗಾ. ಮತ್ತ ಜ್ಯಾಡನ ಹುಳ ಶೆಲೋಬ್ ಬುಕ್ಕಿನ ಎರಡನೇ ಭಾಗದ ಕಡೀಕ ಅದ, ಫಿಲ್ಮಿನ್ಯಾಗ ಮೂರನೇದಕ್ಕ ಹಾಕ್ಯಾರ, ಅಂದ್ರ ಯಾರೂ ತೋರಿಸದಕ್ಕಿಂತ ಮೊದ್ಲು ಆ ಕತ್ತಲಿ ಗವಿಯೊಳಗ ಅಂವ ತಾನೇ ಹೋಗಿ ಬರ್ತಾನ. ಆ ಭಾಗ ಮುಗಿಯೂದು ಫ್ರೋಡೋ ವೈರಿಗಳ ಕೈಗೆ ಸಿಕ್ಕು, ಅವನ ದೋಸ್ತ್ ಸ್ಯಾಮ್ ಬಾಗಲ ಹೊರಗ ಉಳದು. ಅಲ್ಲಿಗೆ ಬಂದಾನಂದ್ರ ಮೂರನೇ ಬುಕ್ ಅವನೇ ಕೇಳ್ತಾನ, ಈಗಲೇ ತಂದು ಇಟ್ಕೊಂಡಿರ್ರಿ, ನಮ್ಮ ಕಡಿ ಆರ್ಡರ್ ಮಾಡಿದ್ರ ಬರ್ಲಿಕ್ಕ ವಾರ ಹಿಡೀತದ.