ಆಕಾಶಕ್ಕೊಂದು ಲೆಕ್ಕ, ಮುಖಕ್ಕೊಂದು ಲೆಕ್ಕ: ಫೋನ್ ಕ್ಯಾಮೆರಾ ಒಂದೇ ಫೋಟೋವನ್ನು ಭಾಗ ಮಾಡಿ ತಿದ್ದುತ್ತದೆಯೇ?

ನೀವು ಹೇಳಿದ್ದು ಇಷ್ಟು: ಒಂದೇ ಫೋಟೋದಲ್ಲಿ ಆಕಾಶ ಕಡುನೀಲಿ, ಮುಖ ಮೇಣದ ಹಾಗೆ ನುಣುಪು, ಹುಲ್ಲು ಮಾತ್ರ ಎಳೆ ಎಳೆಯಾಗಿ ಚೂಪು, ತಲೆಕೂದಲ ಸುತ್ತ ಬೆಳ್ಳಗಿನ ಅಂಚು. ಫೋನ್ ಒಂದೊಂದು ವಸ್ತುವನ್ನೂ ಗುರುತಿಸಿ ಬೇರೆ ಬೇರೆ ತಿದ್ದುತ್ತಿದೆಯಾ, ಅದನ್ನು ನಿಲ್ಲಿಸಬಹುದಾ ಎಂದು ಕೇಳಿದ್ದೀರಿ.

ತಿದ್ದುತ್ತಿದೆ. ಈಗಿನ ಬಹುತೇಕ ಒಳ್ಳೆಯ ಫೋನ್‌ಗಳೆಲ್ಲ ಹಾಗೆಯೇ ಮಾಡುತ್ತವೆ. ನಿಲ್ಲಿಸುವುದು ಅರ್ಧಂಬರ್ಧ ಸಾಧ್ಯ. ನಾನು ಕ್ಯಾಮೆರಾ ಸಾಫ್ಟ್‌ವೇರ್ ಟ್ಯೂನಿಂಗ್ ಕೆಲಸ ಮಾಡುವವನು, ಹಾಗಾಗಿ ಒಳಗೆ ಏನು ನಡೆಯುತ್ತದೆ ಎನ್ನುವುದನ್ನೂ ಸ್ವಲ್ಪ ಹೇಳುತ್ತೇನೆ.

ಬೆಳಕು ಹಿಡಿಯುವ ಚಿಪ್ ಅಂದರೆ ಸೆನ್ಸರ್‌ನ ಒಂದೊಂದು ಪಿಕ್ಸೆಲ್ (ಚುಕ್ಕೆ) ಮುಂದೆಯೂ ಒಂದೇ ಬಣ್ಣದ ಫಿಲ್ಟರ್ ಇರುತ್ತದೆ. 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ ಪೇಟೆಂಟ್ ಸಿಕ್ಕ ಜೋಡಣೆಯಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜು ಮಾಡಬೇಕು. ಆಮೇಲೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು), ನಾಯ್ಸ್ ಅಂದರೆ ಫೋಟೋದಲ್ಲಿ ಕಾಣುವ ಬೇಡದ ಕಾಳುಕಾಳು ಚುಕ್ಕೆ ತೆಗೆಯುವುದು, ಬೆಳಕು ನೆರಳು ಸರಿದೂಗಿಸುವುದು, ಶಾರ್ಪ್ ಮಾಡುವುದು. ಈ ಸಾಲಿನಲ್ಲಿ ನಿಜವಾದ ತಲೆನೋವು ನಾಯ್ಸ್‌ದು.

ಯಾಕೆ ಅಂದರೆ, ನಾಯ್ಸ್ ಕೂಡ ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ಸಣ್ಣ ವ್ಯತ್ಯಾಸ, ಹುಲ್ಲಿನ ಎಳೆಯೂ ಸಣ್ಣ ವ್ಯತ್ಯಾಸ. ಬರೀ ಅಂಕಿ ನೋಡಿದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ನೀಲಿ ಆಕಾಶದಲ್ಲಿ ಅಂಥ ವ್ಯತ್ಯಾಸ ಕಂಡರೆ ಅದು ಹೆಚ್ಚುಕಡಿಮೆ ಖಂಡಿತ ನಾಯ್ಸ್. ಹುಲ್ಲಿನಲ್ಲಿ ಕಂಡರೆ ಬಹುಪಾಲು ಹುಲ್ಲೇ. ಮುಖದಲ್ಲಿ? ಎರಡೂ ಬೆರೆತಿರುತ್ತವೆ, ಚರ್ಮದ ರಂಧ್ರ ಯಾವುದು, ನಾಯ್ಸ್ ಯಾವುದು ಹೇಳುವುದು ಕಷ್ಟ. ಇಡೀ ಫೋಟೋಗೆ ಒಂದೇ ಅಳತೆ ಇಟ್ಟರೆ ಆಕಾಶ ನುಣುಪಾಗುವಷ್ಟರಲ್ಲಿ ಹುಲ್ಲು ಹಸಿರು ಬಣ್ಣ ಬಳಿದ ಗೋಡೆಯಾಗುತ್ತದೆ. ಹಳೆಯ ಡಿಜಿಟಲ್ ಕ್ಯಾಮೆರಾಗಳು ಮಧ್ಯದಲ್ಲಿ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಳ್ಳುತ್ತಿದ್ದವು. ಇದು ಆಕಾಶ, ಇದು ಹುಲ್ಲು ಎಂದು ಗೊತ್ತಾದರೆ ಆ ರಾಜಿ ಬೇಕಾಗುವುದಿಲ್ಲ.

ಐಡಿಯಾ ಹೊಸದೇನಲ್ಲ. ಫಿಲ್ಮ್ ಕಾಲದಲ್ಲಿ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುವಾಗ ಮುಖದ ಮೇಲೆ ಕೈ ಅಡ್ಡ ಹಿಡಿದು ಬೆಳಕು ಕಡಿಮೆ ಬೀಳಿಸುತ್ತಿದ್ದರು, ಮುಖ ತಿಳಿಯಾಗುತ್ತಿತ್ತು. ಆಕಾಶಕ್ಕೆ ಇನ್ನಷ್ಟು ಹೊತ್ತು ಬೆಳಕು ಬಿಟ್ಟು ಗಾಢ ಮಾಡುತ್ತಿದ್ದರು. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಪ್ರಿಂಟ್‌ಗಳಲ್ಲಿ ಈ ಕೈಚಳಕ ತುಂಬಾ ಇದೆ. ಈಗ ಅದನ್ನೇ ನೀವು ಬಟನ್ ಒತ್ತಿದ ಕೂಡಲೇ ಫೋನ್ ಮಾಡುತ್ತದೆ, ನಿಮ್ಮನ್ನು ಕೇಳದೆ. ಗೂಗಲ್‌ನ 2019ರ ಫೋನ್ ಪಿಕ್ಸೆಲ್ 4ರಲ್ಲಿ ರಾತ್ರಿ ಫೋಟೋದ ಆಕಾಶವನ್ನು ಗುರುತಿಸಿ ಅದನ್ನಷ್ಟೇ ಕಪ್ಪಾಗಿಸುವ ವ್ಯವಸ್ಥೆ ಬಂತು. 2021ರ ಐಫೋನ್ 13ರ ಫೋಟೋಗ್ರಾಫಿಕ್ ಸ್ಟೈಲ್‌ಗಳು ಇಡೀ ಚಿತ್ರದ ಬಣ್ಣ ಬದಲಿಸಿದರೂ ಚರ್ಮದ ಬಣ್ಣವನ್ನು ಆದಷ್ಟು ಹಾಗೇ ಬಿಡುತ್ತವೆ.

ಮಾಡುವ ರೀತಿ ಹೀಗೆ. ಫೋಟೋದ ಚಿಕ್ಕ ಪ್ರತಿಯೊಂದನ್ನು ನ್ಯೂರಲ್ ನೆಟ್‌ವರ್ಕ್, ಅಂದರೆ ಸಾವಿರಾರು ಉದಾಹರಣೆ ನೋಡಿ ಕಲಿತ ಪ್ರೋಗ್ರಾಂ, ನೋಡುತ್ತದೆ. ಪ್ರತಿ ಜಾಗಕ್ಕೂ ಇದು ಆಕಾಶವಾಗಿರುವ ಸಾಧ್ಯತೆ ಎಷ್ಟು, ಕೂದಲಾಗಿರುವುದು ಎಷ್ಟು ಎಂದು ಅಂಕಿ ಕೊಡುತ್ತದೆ. ಈ ಅಂಕಿಗಳ ನಕ್ಷೆಗೇ ಮಾಸ್ಕ್ ಅನ್ನುವುದು. ಅದನ್ನು ಪೂರ್ತಿ ಅಳತೆಗೆ ಹಿಗ್ಗಿಸಿ, ಎಲ್ಲಿ ಎಷ್ಟು ತಿದ್ದಬೇಕು ಎನ್ನುವುದನ್ನು ಅದರ ಮೇಲೆ ನಿರ್ಧರಿಸುತ್ತಾರೆ.

ನಿಮ್ಮ ಬೆಳ್ಳಗಿನ ಅಂಚು ಹುಟ್ಟುವುದು ಈ ಹಿಗ್ಗಿಸುವ ಹಂತದಲ್ಲಿ. ಚಿಕ್ಕ ನಕ್ಷೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ದೊಡ್ಡ ಫೋಟೋದಲ್ಲಿ ಹತ್ತಾರು ಪಿಕ್ಸೆಲ್ ತಪ್ಪುತ್ತದೆ. ಆಕಾಶದ ಮಾಸ್ಕ್ ಕೂದಲಿನವರೆಗೂ ಮುಟ್ಟದೆ ಸ್ವಲ್ಪ ಮೊದಲೇ ನಿಂತಿತು ಅಂದುಕೊಳ್ಳಿ. ಆಕಾಶವೆಲ್ಲ ಗಾಢವಾಗುತ್ತದೆ, ತಲೆಯ ಸುತ್ತ ಒಂದು ಪಟ್ಟಿ ಮಾತ್ರ ಮೊದಲಿನ ಹಾಗೇ ತಿಳಿಯಾಗಿ ಉಳಿಯುತ್ತದೆ. ಮೂಲ ಫೋಟೋದ ಅಂಚುಗಳನ್ನೇ ದಾರಿಯಾಗಿ ಹಿಡಿದು ಮಾಸ್ಕನ್ನು ಸರಿಪಡಿಸುವ ಗೈಡೆಡ್ ಫಿಲ್ಟರ್ ಎಂಬ ವಿಧಾನ 2010ರಿಂದ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಾರಾಡುವ ಕೂದಲಲ್ಲಿ ಒಂದು ಪಿಕ್ಸೆಲ್ ಒಳಗೇ ಅರ್ಧ ಕೂದಲು, ಅರ್ಧ ಆಕಾಶ ಇರುತ್ತದೆ. ಅದನ್ನು ಯಾವ ಕಡೆಗೆ ಸೇರಿಸುವುದು?

ಹಾಗಂತ ಎಲ್ಲ ಅಂಚಿಗೂ ಮಾಸ್ಕೇ ಕಾರಣ ಅಲ್ಲ. ಕಂಬ, ಕಟ್ಟಡದ ಸೂರು, ಮರದ ಕೊಂಬೆ ಎಲ್ಲದರ ಸುತ್ತಲೂ ಬಿಳಿ ಗೆರೆ ಕಾಣುತ್ತಿದ್ದರೆ ಅದು ಶಾರ್ಪ್ ಮಾಡಿದ್ದು ಜಾಸ್ತಿ ಆಗಿದೆ ಅಂತ. ಮನುಷ್ಯರ ಸುತ್ತ ಮಾತ್ರ ಕಾಣುತ್ತಿದ್ದರೆ ನನ್ನ ಅನುಮಾನ ಮಾಸ್ಕ್ ಮೇಲೆ.

ನನ್ನ ಪ್ರಕಾರ ಗುರುತಿಸುವುದು ಈಗ ದೊಡ್ಡ ಸಮಸ್ಯೆಯಲ್ಲ. ನೀಲಿ ಗೋಡೆಯನ್ನು ಆಕಾಶ ಅಂದುಕೊಳ್ಳುವುದು, ಕಲ್ಲಿನ ವಿಗ್ರಹದ ಕೆನ್ನೆಯನ್ನೂ ನುಣುಪು ಮಾಡುವುದು ಆಗಾಗ ಇದ್ದದ್ದೇ, ನೋಡಿ ನಗಬಹುದು. ಎಷ್ಟು ತಿದ್ದಬೇಕು ಎನ್ನುವುದೇ ಕಷ್ಟ. ನಾವು ನೆನಪಿಟ್ಟುಕೊಳ್ಳುವ ಆಕಾಶ, ಹುಲ್ಲು ನಿಜಕ್ಕಿಂತ ಕಡುಬಣ್ಣದವು. ಹಾಗಾಗಿ ಬಣ್ಣ ಏರಿಸಿದ ಫೋಟೋವೇ ಜನಕ್ಕೆ ಮೊದಲ ನೋಟಕ್ಕೆ ಇಷ್ಟವಾಗುತ್ತದೆ, ಟ್ಯೂನಿಂಗ್ ಮಾಡುವವರು ಆ ಕಡೆಗೇ ವಾಲುತ್ತಾರೆ. ಮುಖದ ವಿಷಯ ಇನ್ನೂ ಸೂಕ್ಷ್ಮ. ಕಪ್ಪು ಮೈಬಣ್ಣದವರನ್ನು ಸುಮ್ನೆ ಬೆಳ್ಳಗೆ ಮಾಡುವ ಚಾಳಿ ಕ್ಯಾಮೆರಾಗಳಿಗೆ ಬಹಳ ಕಾಲ ಇತ್ತು. ಗೂಗಲ್ 2021ರಲ್ಲಿ ರಿಯಲ್ ಟೋನ್ ತಂದಿದ್ದು ಅದನ್ನು ಸರಿಮಾಡಲು. 2022ರಲ್ಲಿ 10 ಮೈಬಣ್ಣಗಳ ಮಾಂಕ್ ಸ್ಕೇಲನ್ನೂ ಬಿಡುಗಡೆ ಮಾಡಿತು. ಮುಖ ಗುರುತಿಸಿ ಬೆಳಕು ಸರಿಮಾಡುವುದಕ್ಕೆ ನನ್ನ ತಕರಾರಿಲ್ಲ. ಕೇಳದೆ ಚರ್ಮ ನುಣುಪು ಮಾಡುವುದು ಮಾತ್ರ ನನಗೆ ಹಿಡಿಸುವುದಿಲ್ಲ.

ಈಗ ನಿಲ್ಲಿಸುವ ವಿಷಯ. ಸೆಟ್ಟಿಂಗ್ಸ್‌ನಲ್ಲಿ ಬ್ಯೂಟಿ, ಸೀನ್ ಆಪ್ಟಿಮೈಸರ್ ಇಂಥ ಹೆಸರಿನವು ಇದ್ದರೆ ಆಫ್ ಮಾಡಿ. ಅಷ್ಟರಿಂದ ಎಲ್ಲವೂ ನಿಲ್ಲುವುದಿಲ್ಲ, ಸ್ವಲ್ಪ ಹತೋಟಿಗೆ ಬರುತ್ತದೆ. ಪೂರ್ತಿ ತಪ್ಪಿಸಬೇಕಾದರೆ ರಾ (RAW) ಫೈಲ್, ಅಂದರೆ ತಿದ್ದುವ ಮೊದಲಿನ ಹಸಿ ಫೋಟೋ, ತೆಗೆಯಿರಿ. ಇದರಲ್ಲೂ ಒಂದು ಎಚ್ಚರ: ಆಪಲ್‌ನ ಪ್ರೊರಾ ತರಹದವುಗಳಲ್ಲಿ ಹಲವು ಫ್ರೇಮ್ ಸೇರಿಸಿ ನಾಯ್ಸ್ ತೆಗೆದಾಗಿರುತ್ತದೆ. ಸೆನ್ಸರ್‌ನಿಂದ ನೇರ ಬಂದದ್ದೇ ಬೇಕೆಂದರೆ ಮಾಮೂಲಿ ರಾ ಕೊಡುವ ಕ್ಯಾಮೆರಾ ಆ್ಯಪ್ ಹುಡುಕಿ. ನಾಯ್ಸ್ ಜಾಸ್ತಿ ಕಾಣುತ್ತದೆ, ಗಾಬರಿ ಬೇಡ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ 2021ರಿಂದ ಆಕಾಶ, ಸಬ್ಜೆಕ್ಟ್ ಆಯ್ಕೆ ಮಾಡುವ ಮಾಸ್ಕ್‌ಗಳಿವೆ. ಫೋನ್ ಮಾಡುವ ಕೆಲಸವನ್ನೇ ಅಲ್ಲಿ ನೀವೇ, ನಿಮಗೆ ಬೇಕಾದಷ್ಟೇ ಮಾಡಬಹುದು. ಮೊದಲು ಒಂದೇ ದೃಶ್ಯವನ್ನು ರಾ ಮತ್ತು ಜೆಪೆಗ್ (ಫೋನ್ ತಿದ್ದಿ ಕೊಡುವ ಮಾಮೂಲಿ ಫೋಟೋ) ಎರಡರಲ್ಲೂ ತೆಗೆದು, ಕೂದಲ ಅಂಚನ್ನು ದೊಡ್ಡದು ಮಾಡಿ ಹೋಲಿಸಿ ನೋಡಿ. ರಾದಲ್ಲಿ ಇಲ್ಲದ ಬಿಳಿ ಪಟ್ಟಿ ಜೆಪೆಗ್‌ನಲ್ಲಿ ಇದ್ದರೆ ಅದು ನಿಮ್ಮ ಲೆನ್ಸಿನ ದೋಷ ಅಲ್ಲ, ಫೋನ್ ಬದಲಿಸಲು ದುಡ್ಡು ಹಾಕಬೇಡಿ.