ಲುಟೇಶಿಯಂ ಡೋಸ್ ಬರಲಿಲ್ಲ: ಗದಗಿನ ಒಂದು ಮನೆಯ ಪ್ರಕರಣ

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲು ಬಂದದ್ದು ಮಗ, ಒಬ್ಬನೇ. ಪ್ರೆಸ್ಸಿಗೆ ಕಾಗದ ಒಯ್ಯಲು ಹುಬ್ಬಳ್ಳಿಗೆ ಬಂದಿದ್ದೆ, ಹಾಗೇ ಬಂದೆ ಅಂದ. “ಅಪ್ಪಾರು ಮಾತ ಬಿಟ್ಟಾರ್ರಿ ಮೇಡಂ. ಊಟ ಅರ್ಧಕ್ಕ ಬಿಟ್ಟು ಏಳ್ತಾರ. ಮನಸ್ಸಿಗೆ ಗುಳಿಗಿ ಏನರ ಕೊಡ್ತೀರೇನ್ರಿ?” ಗುಳಿಗೆ ಬರೆಯುವುದು ಮನೋವೈದ್ಯರ ಕೆಲಸ, ನಾನು ಆಪ್ತಸಲಹೆಗಾರ್ತಿ ಅಂತ ಹೇಳಿದೆ. ಆಮೇಲೆ ಒಂದೊಂದೇ ವಿಷಯ ಹೊರಗೆ ಬಂತು.

ಅಪ್ಪನಿಗೆ 71. ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸಿದವರು. ಓಣಿಯವರೆಲ್ಲ ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ನಾಲ್ಕು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದಾಗಲೇ ಅದು ಎಲುಬಿಗೆ ಹಬ್ಬಿತ್ತು. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್, ಅಬಿರಾಟೆರಾನ್ ಗುಳಿಗೆ, ಆಮೇಲೆ ಡೋಸಿಟ್ಯಾಕ್ಸೆಲ್ ಕಿಮೋ, ಎಲ್ಲ ಆಗಿತ್ತು. ಪಿಎಸ್‌ಎ (ಈ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತಪರೀಕ್ಷೆ) ಮತ್ತೆ ಏರಿದಾಗ ಬೆಂಗಳೂರಿನ ಆಸ್ಪತ್ರೆಯೊಂದು ಪೆಟ್ ಸ್ಕ್ಯಾನ್ ಮಾಡಿ ಲುಟೇಶಿಯಂ-177 ಪಿಎಸ್‌ಎಂಎ ಚಿಕಿತ್ಸೆ ಹೇಳಿತು. ವಿಕಿರಣ ಸೂಸುವ, ಆರು ವಾರಕ್ಕೊಂದರಂತೆ ಆರು ಡೋಸ್‌ವರೆಗೆ ಕೊಡುವ ಔಷಧಿ ಇದು. ಎರಡು ಡೋಸ್ ಆಗಿ ಪಿಎಸ್‌ಎ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಸೊಂಟದ ನೋವು ಕಮ್ಮಿಯಾಗಿ ಕಾಕಾ ಬೆಳಿಗ್ಗೆ ಭೀಷ್ಮ ಕೆರೆಯ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದರು.

ಮೂರನೆಯ ಡೋಸಿಗೆ ಎರಡು ದಿನ ಇರುವಾಗ ಆಸ್ಪತ್ರೆಯಿಂದ ಫೋನ್ ಬಂತು: ಈ ವಾರ ಮಾಲು ಬರುವುದಿಲ್ಲ, ಹೊರಡಬೇಡಿ. ಮುಂದಿನ ತಾರೀಕು ಕೊಟ್ಟರು, ಅದೂ ತಪ್ಪಿತು. ಮೂರನೇ ಸಲ ತಾರೀಕನ್ನೇ ಕೊಡಲಿಲ್ಲ.

ಮಗ ಅಪ್ಪನಿಗೆ ಏನು ಹೇಳಿದ್ದ? “ನಿಮಗ ಆರಾಮ ಆಗೇತಿ, ಅದಕ್ಕ ಡಾಕ್ಟರ್ ಸ್ವಲ್ಪ ಗ್ಯಾಪ್ ಕೊಟ್ಟಾರ.”

ಇಂಥ ಸುಳ್ಳನ್ನು ನಾನು ಬೈಯುವುದಿಲ್ಲ. ನಮ್ಮ ಕಡೆ ಕ್ಯಾನ್ಸರ್ ಬಂದ ಮನೆಗಳಲ್ಲಿ ಅರ್ಧಕ್ಕರ್ಧ ಮಾತು ಹೀಗೇ ನಡೆಯುವುದು. ಆದರೆ ಈ ಸುಳ್ಳು ಕಾಕಾ ತಲೆಯಲ್ಲಿ ಏನು ಕೆಲಸ ಮಾಡಿದೆ ಅಂತ ಅವರ ಬಾಯಿಂದಲೇ ಕೇಳಬೇಕಿತ್ತು. ಕರೆದುಕೊಂಡು ಬಾ ಅಂದೆ.

ಮುಂದಿನ ವಾರ ಕಾಕಾ, ಕಾಕು ಇಬ್ಬರೂ ಬಂದರು. ಮೊದಲು ಕಾಕಾರನ್ನು ಒಬ್ಬರನ್ನೇ ಕೂಡಿಸಿಕೊಂಡೆ. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ಮುದ್ರಣ ಚೆನ್ನಾಗಿಲ್ಲ, ಕೆಂಪು ಅಕ್ಷರ ಸರಿದಿದೆ ಅಂದರು. ಆಮೇಲೆ ಶುರು ಮಾಡಿದರು. “ತಂಗೀ, ನನ್ನ ಮಗಗ ಸುಳ್ಳು ಹೇಳಾಕ ಬರೂದಿಲ್ಲ. ಗ್ಯಾಪ್ ಕೊಡೋ ಡಾಕ್ಟರ್ ಮುಂದಿನ ತಾರೀಕು ಕೊಡ್ತಾನ. ಇವ ತಾರೀಕು ಹೇಳವಲ್ಲ. ನಾ ತಿಳ್ಕೊಂಡೇನಿ. ಇನ್ನ ಈ ಮುದುಕಗ ಕೊಟ್ಟು ಉಪಯೋಗಿಲ್ಲ ಅಂತ ಬಿಟ್ಟಾರ.”

ಅಲ್ಲಿಗೆ ಗಂಟು ಸಿಕ್ಕಿತು. ಔಷಧಿ ಬಾರದ್ದು ಅವರನ್ನು ಕುಗ್ಗಿಸಿರಲಿಲ್ಲ. ಡಾಕ್ಟರು ತನ್ನನ್ನು ಕೈಬಿಟ್ಟರು, ಅದು ಮನೆಯವರಿಗೆಲ್ಲ ಗೊತ್ತು, ತನಗೆ ಮಾತ್ರ ಹೇಳುತ್ತಿಲ್ಲ ಅನ್ನುವ ಲೆಕ್ಕಾಚಾರ ಕುಗ್ಗಿಸಿತ್ತು. ನಿಜ ಇದಕ್ಕಿಂತ ಎಷ್ಟೋ ಸಣ್ಣದು. ಮಗನನ್ನು ಒಳಗೆ ಕರೆದೆ. ಫೋನಿನಲ್ಲಿ ಆಸ್ಪತ್ರೆಯವರು ಕಳಿಸಿದ್ದ ಮೆಸೇಜನ್ನು ಅಪ್ಪನಿಗೆ ಓದಿ ಹೇಳು ಅಂದೆ. ಅವನು ಓದಿದ. ಕಾಕಾ ಕನ್ನಡಕ ಹಾಕಿಕೊಂಡು ಫೋನ್ ಕಸಿದುಕೊಂಡು ತಾವೇ ಮತ್ತೊಮ್ಮೆ ಓದಿದರು. ಆಮೇಲೆ ಮಗನಿಗೆ ಒಂದು ಬೈಗುಳ ಬಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಔಷಧಿ ಸ್ಟಾಕ್ ಇಲ್ಲ ಅಂದರೆ ಏನರ್ಥ ಅಂತ ಅವರಿಗೆ ವಿವರಿಸಬೇಕಾಯಿತು. ಲುಟೇಶಿಯಂ-177 ಮೆಡಿಕಲ್ ಶಾಪಿನ ಕಪಾಟಿನಲ್ಲಿ ಇಡುವ ಮಾಲಲ್ಲ. ಅದನ್ನು ಅಣುರಿಯಾಕ್ಟರಿನಲ್ಲಿ ತಯಾರಿಸಬೇಕು. ನಮ್ಮ ದೇಶದಲ್ಲಿ ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ಆಗುತ್ತದೆ. ಹೊರದೇಶಗಳಲ್ಲೂ ಇದನ್ನು ಮಾಡುವ ರಿಯಾಕ್ಟರುಗಳು ಬೆರಳೆಣಿಕೆಯಷ್ಟೇ. ಅಲ್ಲಿಂದ ತೆಗೆದು, ಶುದ್ಧ ಮಾಡಿ, ಕ್ಯಾನ್ಸರ್ ಕೋಶದ ಮೇಲಿನ ಪಿಎಸ್‌ಎಂಎ ಅನ್ನುವ ಪ್ರೋಟೀನಿಗೆ ಹೋಗಿ ಅಂಟುವ ಅಣುವಿಗೆ ಜೋಡಿಸಿ, ಪರೀಕ್ಷೆ ಮಾಡಿ ಆಸ್ಪತ್ರೆಗೆ ಮುಟ್ಟಿಸಬೇಕು. ಅಷ್ಟರಲ್ಲಿ ಅದರ ಶಕ್ತಿ ಇಳಿಯುತ್ತಲೇ ಇರುತ್ತದೆ. ಸುಮಾರು 6.7 ದಿನಕ್ಕೆ ಅರ್ಧ ಹೋಗಿಬಿಡುತ್ತದೆ. ಇದೇ ಔಷಧಿಯನ್ನು ನೊವಾರ್ಟಿಸ್ ಕಂಪನಿ ಪ್ಲುವಿಕ್ಟೊ ಅನ್ನುವ ಹೆಸರಲ್ಲಿ ಮಾಡುತ್ತದೆ, ಅದನ್ನು ವಿಕಿರಣದ ಅಳತೆ ಮಾಡಿದ ಹೊತ್ತಿನಿಂದ ಐದು ದಿನದೊಳಗೆ ಕೊಡಬೇಕು. ಹೀಗಿರುವಾಗ ಮುಂಚೆಯೇ ತರಿಸಿ ಇಟ್ಟುಕೊಳ್ಳುವ ಮಾತೇ ಇಲ್ಲ. ರಿಯಾಕ್ಟರ್ ರಿಪೇರಿಗೆ ನಿಂತರೆ, ಒಂದು ಬ್ಯಾಚ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ, ವಿಮಾನ ತಪ್ಪಿದರೆ, ಆ ವಾರದ ರೋಗಿಗಳೆಲ್ಲ ಕಾಯಬೇಕು.

“ಅಂದ್ರ ದಿನಪತ್ರಿಕಿ ಇದ್ದಂಗ” ಅಂದರು ಕಾಕಾ. “ನಿನ್ನಿದು ಇವತ್ತ ನಡ್ಯೂದಿಲ್ಲ, ನಾಳಿದು ಇವತ್ತ ಹೊಡ್ದು ಇಡಾಕ ಬರೂದಿಲ್ಲ.” ನನ್ನ ವಿವರಣೆಗಿಂತ ಇದೇ ಚೆನ್ನಾಗಿತ್ತು.

ಮಗನಿಗೆ ಇನ್ನೊಂದು ಅನುಮಾನ. ನ್ಯೂಜೆರ್ಸಿಯಲ್ಲಿರುವ ದಾಯಾದಿಯೊಬ್ಬ, ಅಮೆರಿಕದಲ್ಲಾದರೆ ಇಂಥದ್ದು ಆಗೋದೇ ಇಲ್ಲ ಅಂದಿದ್ದನಂತೆ. ಅಲ್ಲೂ ಆಗಿದೆ. ಪ್ಲುವಿಕ್ಟೊಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2022ರ ಮಾರ್ಚ್‌ನಲ್ಲಿ. ಅದೇ ಮೇ ತಿಂಗಳಲ್ಲಿ ಗುಣಮಟ್ಟದ ತೊಂದರೆಯಿಂದ ನೊವಾರ್ಟಿಸ್ ಕಂಪನಿ ಇಟಲಿಯ ಇವ್ರಿಯಾ ಮತ್ತು ನ್ಯೂಜೆರ್ಸಿಯ ಮಿಲ್‌ಬರ್ನ್ ಎರಡೂ ಕಡೆ ಇಂಥ ಔಷಧಿಗಳ ತಯಾರಿಕೆಯನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. 2023ರಲ್ಲಿ ಬೇಡಿಕೆ ಎಷ್ಟು ಏರಿತೆಂದರೆ, ಆಗಲೇ ಚಿಕಿತ್ಸೆ ಶುರುವಾದವರಿಗೆ ಮೊದಲು, ಹೊಸಬರು ಕಾಯಬೇಕು ಅನ್ನುವ ಪರಿಸ್ಥಿತಿ ಬಂತು. ಮುಂದೆ ಅಮೆರಿಕದಲ್ಲೇ ಪ್ಲುವಿಕ್ಟೊ ಮಾಡಲು ಮಿಲ್‌ಬರ್ನ್, ಇಂಡಿಯಾನಾಪೊಲಿಸ್ ಘಟಕಗಳಿಗೆ ಒಪ್ಪಿಗೆ ಸಿಕ್ಕಿ ಹರಿವು ಸುಧಾರಿಸಿತು. ಅಂದರೆ ಗದಗಿನವರಾದ್ದರಿಂದ ನಮ್ಮನ್ನು ಹಿಂದೆ ಹಾಕಿದರು ಅನ್ನುವುದು ತಾನಾಗೇ ನಂಬಬೇಕಾದ ಮಾತಲ್ಲ.

“ಜಾಸ್ತಿ ರೊಕ್ಕ ಕೊಟ್ರ ಮುಂದ ಹಾಕ್ತಾರೇನ್ರಿ?” ಅಂತಲೂ ಕೇಳಿದ. ಎಲ್ಲ ಮನೆಯವರೂ ಕೇಳುತ್ತಾರೆ, ಇವನು ನೇರ ಕೇಳಿದ ಅಷ್ಟೆ. ಔಷಧಿ ಕೊಡಿಸುತ್ತೇನೆ ಅಂತ ಫೋನ್ ಮಾಡುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡ ಅಂದೆ. ಇದನ್ನು ಅನುಮತಿ ಇರುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬಿಟ್ಟು ಬೇರೆಲ್ಲೂ ಕೊಡುವಂತಿಲ್ಲ, ಚೀಲದಲ್ಲಿ ತರುವ ವಸ್ತುವೂ ಅಲ್ಲ. ಬೇರೆ ಆಸ್ಪತ್ರೆಗೆ ಮಾಲು ಬರುತ್ತಿದೆಯಾ ಅಂತ ಕೇಳುವುದು ತಪ್ಪಲ್ಲ. ಆದರೆ ಈಗಿನ ಡಾಕ್ಟರಿಗೆ ಹೇಳಿ, ಅವರಿಂದಲೇ ಪತ್ರ ಬರೆಸಿಕೊಂಡು ಕೇಳಬೇಕು. ಸ್ಕ್ಯಾನಿನ ಸಿಡಿ, ಹಿಂದಿನ ಎರಡು ಡೋಸಿನ ವಿವರ, ರಕ್ತದ ರಿಪೋರ್ಟ್ ಜೊತೆಗಿರಬೇಕು.

ಕಾಕುದು ಬೇರೆಯೇ ಸಂಕಟ. ಗಂಡ, ಮಗ ಹೊರಗೆ ಹೋದ ಮೇಲೆ ಹೇಳಿದರು. ಮೂರನೆಯ ಡೋಸಿಗೆ ಆಸ್ಪತ್ರೆ ಮೊದಲು ಕೊಟ್ಟ ತಾರೀಕು ಅಮಾವಾಸ್ಯೆಗೆ ಬಿದ್ದಿತ್ತು. ಇವರೇ ಹಟ ಹಿಡಿದು ಒಂದು ವಾರ ಮುಂದೆ ಹಾಕಿಸಿದ್ದರು. ಆ ಅಮಾವಾಸ್ಯೆಯ ವಾರ ಮಾಲು ಬಂದಿತ್ತು! “ನಾನs ಅಡ್ಡ ಬಂದೆ ನೋಡ್ರಿ ಅಕ್ಕಾರ.”

ಇಂಥ ಕಡೆ “ನಿಮ್ಮ ತಪ್ಪೇನಿಲ್ಲ ಬಿಡಿ” ಅಂತ ಸುಮ್ನೆ ಹೇಳಿದರೆ ಯಾರೂ ನಂಬುವುದಿಲ್ಲ. ಹೌದು, ಆ ವಾರ ಹೋಗಿದ್ದರೆ ಡೋಸ್ ಸಿಗುತ್ತಿತ್ತು ಅಂತ ಒಪ್ಪಿಕೊಂಡೇ ಮಾತು ಶುರು ಮಾಡಿದೆ. ಮುಂದಿನ ವಾರ ಬರುವುದಿಲ್ಲ ಅಂತ ಆಸ್ಪತ್ರೆಯವರಿಗೇ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವರೇ ತಾರೀಕು ಬದಲಿಸಲು ಬಿಡುತ್ತಿರಲಿಲ್ಲ. ಮುಂದೆ ತಾರೀಕು ಬಂದರೆ ಪಂಚಾಂಗ ನೋಡುವುದು ಬೇಡ, ಅಷ್ಟು ಮಾತ್ರ ನಿಮ್ಮ ಕೈಯಲ್ಲಿದೆ ಅಂದೆ. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕಾಕಾಗೆ ಇದನ್ನು ಹೇಳಲೋ ಬೇಡವೋ ಅಂತ ಕೇಳಿದರು. ನಾನು ಹೇಳಿ ಅಂದೆ. ಆ ಮನುಷ್ಯನಿಗೆ ಹೇಗಿದ್ದರೂ ಗೊತ್ತಿತ್ತು.

ಇನ್ನೊಂದು ಗೊಂದಲ ಕ್ಯಾಲೆಂಡರಿನದು. ಸೊಸೆಗೆ ಏಳು ತಿಂಗಳು. ಡೋಸ್ ಆದ ಮೇಲೆ ರೋಗಿಯ ಮೈಯಿಂದ ಕೆಲವು ದಿನ ಸ್ವಲ್ಪ ವಿಕಿರಣ ಬರುತ್ತದೆ. ಸಾಮಾನ್ಯ ಸೂಚನೆ ಹೀಗಿದೆ: ಮನೆಯವರಿಂದ ಎರಡು ದಿನ, ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರಿಂದ ಏಳು ದಿನ ಮೂರಡಿ ದೂರ. ಮಲಗುವುದು ಬೇರೆ ಕೋಣೆಯಲ್ಲಿ, ಗರ್ಭಿಣಿ ಇದ್ದರೆ ಹದಿನೈದು ದಿನದವರೆಗೆ. ಅದಕ್ಕೇ ಪ್ರತಿ ತಾರೀಕಿಗೂ ಸೊಸೆ ಚೀಲ ಕಟ್ಟಿ ರೋಣದ ತವರಿಗೆ ಹೋಗುವುದು, ಡೋಸ್ ತಪ್ಪಿತು ಅಂದರೆ ವಾಪಸ್ ಬರುವುದು. ಕುಬಸವನ್ನೂ (ಸೀಮಂತ) ಮುಂದೆ ಹಾಕಿದ್ದರು. ಯಾವ ದಿನ ಡೋಸ್ ಬರುತ್ತದೋ ಅಂತ ಯಾರನ್ನೂ ಕರೆದಿರಲಿಲ್ಲ. ಸೀರೆ ತಂದು ಇಟ್ಟಿದ್ದರು, ಬಳೆಗಾರನಿಗೆ ಎರಡು ಸಲ ಬೇಡ ಅಂದಿದ್ದರು. ಮನೆಯಲ್ಲಿ ಎಲ್ಲರೂ ಒಂದು ಫೋನಿಗೆ ಕಾದು ಕೂತಿದ್ದರು, ಮತ್ತು ತನ್ನಿಂದಲೇ ಇದೆಲ್ಲ ನಿಂತಿದೆ ಅಂತ ಕಾಕಾ ದಿನಾ ನೋಡುತ್ತಿದ್ದರು.

ನನ್ನ ಸಲಹೆಯಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ: ಕುಬಸ ಮಾಡಿ ಮುಗಿಸಿ. ಡೋಸಿನ ಫೋನ್ ಆ ದಿನವೇ ಬಂದರೆ ಕಾಕಾ, ಮಗ ಹೊರಡಲಿ, ಉಳಿದವರು ಉಡಿ ತುಂಬಲಿ. ಕಾಕುಗೆ ಇದು ಅಷ್ಟು ಸರಿ ಕಾಣಲಿಲ್ಲ. ಕಾಕಾ ಮಾತ್ರ ತಕ್ಷಣ, “ಶುಕ್ರವಾರ ಮಾಡ್ರಿ, ಕಾರ್ಡ್ ನಾ ಹೊಡಸ್ತೀನಿ” ಅಂದರು.

ಉಳಿದದ್ದು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ, ಉತ್ತರ ಕೊಡಲಿಲ್ಲ. ಏನು ಕೇಳಬೇಕು ಅಂತ ಮಾತ್ರ ಒಟ್ಟಿಗೆ ಕೂತು ಬರೆದೆವು. ಕಾಯುವ ಹೊತ್ತಿನಲ್ಲಿ ಹಾರ್ಮೋನ್ ಇಂಜೆಕ್ಷನ್ ಮುಂದುವರಿಯಬೇಕಲ್ಲವೇ? (ಲುಟೇಶಿಯಂ ಇಲ್ಲ ಅಂದ ಮೇಲೆ ಇದ್ಯಾಕೆ ಅಂತ ಮಗ ಅದನ್ನೂ ಒಂದು ವಾರ ತಡ ಮಾಡಿದ್ದ.) ಇನ್ನೂ ತಡವಾದರೆ ಕ್ಯಾಬಾಜಿಟ್ಯಾಕ್ಸೆಲ್ ಕಿಮೋ ಇವರ ಮೈಗೆ ಆಗುತ್ತದಾ? ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿದ್ದಾರಾ, ಅದರಿಂದ ಒಲಾಪರಿಬ್ ಗುಳಿಗೆಯ ದಾರಿ ಇದೆಯಾ? ಎಲುಬು ಗಟ್ಟಿ ಮಾಡುವ ಇಂಜೆಕ್ಷನ್? ನೋವಿಗೆ ಏನು? ಪಿಎಸ್‌ಎ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಎಷ್ಟು ಏರಿದರೆ ಕಾಯುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು? ಈ ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಕೊನೆಯೇ ಇಲ್ಲದ ಕಾಯುವಿಕೆ ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೊಂದು ಗಡಿ ಹಾಕಿಸಿಕೊಳ್ಳಬೇಕು.

ತಯಾರಿಯ ವಿಷಯವೂ ಮಾತಾಡಿದೆವು. ಪ್ರತಿ ಡೋಸಿಗೆ ಮುಂಚೆ ರಕ್ತಕಣ, ಕಿಡ್ನಿಯ ಕ್ರಿಯಾಟಿನಿನ್ ನೋಡುತ್ತಾರೆ. ಅದನ್ನು ಗದಗಿನಲ್ಲೇ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಿರಿ, ಹಳೇ ರಿಪೋರ್ಟ್ ಅನ್ನುವ ಕಾರಣಕ್ಕೆ ಸರದಿ ತಪ್ಪಬಾರದು. ಯಾರಿಗೋ ತಂದ ಡೋಸ್ ಅವರಿಗೆ ಜ್ವರ ಬಂದು ಉಳಿದರೆ ಇಟ್ಟುಕೊಳ್ಳಲು ಆಗುವುದಿಲ್ಲ, “ಹೇಳಿದರೆ ರಾತ್ರಿಯೇ ಹೊರಡುತ್ತೇವೆ” ಅಂತ ವಿಭಾಗದ ಸಿಸ್ಟರ್‌ಗೆ ತಿಳಿಸಿಡಿ. ನಡುವೆ ನಾಟಿ ಔಷಧಿ ಏನಾದರೂ ಶುರು ಮಾಡಿದರೆ ಮುಚ್ಚಿಡಬೇಡಿ, ಕಿಡ್ನಿ ಕೆಟ್ಟರೆ ಬಂದ ಡೋಸೂ ಸಿಗುವುದಿಲ್ಲ. ಮತ್ತೆ, ಕಾಲಲ್ಲಿ ಬಲ ಕಮ್ಮಿಯಾದರೆ, ಜೋಮು ಹಿಡಿದರೆ, ಮೂತ್ರ ನಿಂತರೆ ಅಥವಾ ಹಿಡಿತ ತಪ್ಪಿದರೆ, ಬೆನ್ನಲ್ಲಿ ಹೊಸದಾಗಿ ಜೋರು ನೋವು ಬಂದರೆ ಬೆಂಗಳೂರಿನ ಫೋನಿಗೆ ಕಾಯಬೇಡಿ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು, ಅದೇ ದಿನ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಬೇಕು.

ಹೊರಡುವಾಗ ಕಾಕಾ ಕೇಳಿದರು: “ಆರೂ ಡೋಸ್ ಸಿಕ್ರ ಪೂರಾ ಹೋಗ್ತದೇನು?” ಮಗ ನನ್ನ ಮುಖ ನೋಡಿದ. ಇಲ್ಲ, ಇದು ಬೇರುಸಹಿತ ಕೀಳುವ ಔಷಧಿಯಲ್ಲ, ಕಾಯಿಲೆಯನ್ನು ತಡೆದು ದಿನ ಮತ್ತು ನೆಮ್ಮದಿ ಕೊಡುವಂಥದ್ದು ಅಂದೆ. 2021ರಲ್ಲಿ ಪ್ರಕಟವಾದ ವಿಷನ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಇದನ್ನು ಪಡೆದವರ ಮಧ್ಯಮ ಬದುಕುಳಿವು (ಅರ್ಧ ಮಂದಿ ಇದಕ್ಕಿಂತ ಹೆಚ್ಚು, ಅರ್ಧ ಮಂದಿ ಕಮ್ಮಿ ಬದುಕಿದ ಅವಧಿ) 15.3 ತಿಂಗಳು, ಪಡೆಯದವರದು 11.3. ಈ ಅಂಕಿಯನ್ನು ಅವರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಇಲ್ಲಿ ಬರೆಯುತ್ತಿರುವುದು ಯಾಕೆಂದರೆ, ಒಂದು ಡೋಸ್ ತಡವಾದರೆ ಎಲ್ಲ ಮುಗಿಯಿತು ಅನ್ನುವವರಿಗೂ, ಈ ಔಷಧಿಯೊಂದು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಇದು ಗೊತ್ತಿರಲಿ ಅಂತ. ಕಾಕಾ ತಲೆ ಆಡಿಸಿ, “ಹಂಗಂತ ನಂಗೂ ಅನಿಸಿತ್ತು” ಅಂದರು.

ಆರು ವಾರದ ಅಂತರ ಹತ್ತು ವಾರವಾಗಿ ಮೂರನೆಯ ಡೋಸ್ ಸಿಕ್ಕಿತು. ಅಷ್ಟರಲ್ಲಿ ಪಿಎಸ್‌ಎ ಸ್ವಲ್ಪ ಏರಿತ್ತು, ಸೊಂಟದ ನೋವು ಮರಳಿತ್ತು. ಡಾಕ್ಟರ ಸಲಹೆಯಂತೆ ನೋವಿನ ಜಾಗಕ್ಕೆ ಹುಬ್ಬಳ್ಳಿಯಲ್ಲೇ ಒಂದೇ ಸಲದ ಕರೆಂಟ್ (ರೇಡಿಯೇಶನ್) ಕೊಡಿಸಿದ್ದರು. ಈಗ ಆಸ್ಪತ್ರೆಗೆ ಫೋನ್ ಮಾಡುವವರು ಕಾಕಾನೇ. ಪ್ರತಿ ಸೋಮವಾರ ಒಂದು ಸಲ ಮಾತ್ರ, ದಿನಾ ಮಾಡಿದರೆ ಸಿಸ್ಟರ್‌ಗೆ ಬೇಜಾರಾಗುತ್ತದೆ ಅಂತಾರೆ.

ನಾಲ್ಕನೆಯದಕ್ಕೆ ತಾರೀಕು ಬಂದಿದೆ, ಖಾತ್ರಿಯಿಲ್ಲ. ಸೊಸೆ ರೋಣದಲ್ಲೇ ಹೆತ್ತಿದ್ದಾಳೆ. ಡೋಸ್ ಆದ ಮೇಲೆ ಕೂಸನ್ನು ಎಂದು ಎತ್ತಿಕೊಳ್ಳಬಹುದು ಅಂತ ಮೊನ್ನೆ ಫೋನಿನಲ್ಲಿ ಕೇಳಿದರು. ಸಾಮಾನ್ಯವಾಗಿ ಏಳು ದಿನ ಬಿಟ್ಟು, ಆದರೆ ಬಿಡುಗಡೆಯ ಚೀಟಿಯಲ್ಲಿ ಎಷ್ಟು ಬರೆದಿರುತ್ತಾರೋ ಅದೇ ಲೆಕ್ಕ ಅಂತ ಹೇಳಿದ್ದೇನೆ.